ಐವತ್ತೊಂಬತ್ತು ಜಾಯಿಂಟುಗಳ ದಾರಿ

ಆಗಸ್ಟ್ 4, 2025

ಶ್ರೀಮತ್ ಸಮಸ್ತ ಭೂಗತ ತಂತಿ ಸಮೂಹ ಚಕ್ರವರ್ತಿ, ಅಗೋಚರ, ಅನಂತಶಯನ, ವೇಣೂರು ಎಕ್ಸ್‌ಚೇಂಜಿನಿಂದ ವಾಮದಪದವಿನವರೆಗೆ ಮಣ್ಣಿನಡಿ ಪವಡಿಸಿರುವ ಸರಕಾರಿ ಫೈಬರ್ ಕೇಬಲ್ ಮಹಾಪ್ರಭುಗಳ ದಿವ್ಯ ಸನ್ನಿಧಾನಕ್ಕೆ, ವೇಣೂರು ವಾಸಿ, ಬಿ.ಕಾಂ. ಪದವೀಧರ, ನಿರುದ್ಯೋಗಿ ಶಿರೋಮಣಿ ಅಂಕಿತನ ಸಾಷ್ಟಾಂಗ ಬಿನ್ನಹ ಏನೆಂದರೆ: ಪ್ರಭುಗಳು ಏಳು ದಿನಗಳಿಂದ ನಿದ್ರಿಸುತ್ತಿದ್ದೀರಿ. ಎಬ್ಬಿಸುವ ಧೈರ್ಯ ಯಾರಿಗೂ ಇಲ್ಲ. ಈ ನಡುವೆ ಮಂಗಳೂರಿನ ಒಂದು ಆಫೀಸಿನವರು ನನ್ನನ್ನು ವೀಡಿಯೋದಲ್ಲಿ ಸಂದರ್ಶನ ಮಾಡಿದರು. ಸಿಗ್ನಲಿಗಾಗಿ ಮೊಬೈಲ್ ಹಿಡಿದು ಗುಡ್ಡೆ ಹತ್ತಿದೆ. "ನಿಮ್ಮ ಬಗ್ಗೆ ಹೇಳಿ" ಎಂದರು. ನಾನು ಬಾಯಿ ತೆರೆದೆ. ಹಾಗೇ ನಿಂತಿತು ಚಿತ್ರ. ಅವರು ಎಷ್ಟು ಹೊತ್ತು ನನ್ನ ಬಾಯಿಯೊಳಗಿನ ಹಲ್ಲು ಎಣಿಸಿದರೋ ತಿಳಿಯದು. ಕೆಲಸ ಸಿಗಲಿಲ್ಲ.

ಆದರೆ ಮಂಗಳವಾರ್ತೆಯೊಂದು ಬಂದಿದೆ. ನವೆಂಬರ್ ಒಂದರಿಂದ ನಮ್ಮ ಕಡೆಯ ಕೇಬಲು, ಕಂಬ, ಎಕ್ಸ್‌ಚೇಂಜಿನ ಕೋಣೆ, ಎಲ್ಲವನ್ನೂ ಸರಕಾರ ಒಂದು ಖಾಸಗಿ ಕಂಪನಿಗೆ ವಹಿಸಿಕೊಡುತ್ತದಂತೆ. ಅಂತರಜಾಲವು ಸರಕಾರದ ಮುಷ್ಟಿಯಿಂದ ಬಿಡುಗಡೆ ಹೊಂದುತ್ತದೆ. ಸ್ವಾತಂತ್ರ್ಯ ಹೋರಾಟದಲ್ಲಿ ಭಾಗವಹಿಸಲಾಗಲಿಲ್ಲ ಎಂಬ ನನ್ನ ಕೊರಗು ಇನ್ನು ನೀಗಬಹುದು. ಈ ಇತಿಹಾಸವನ್ನು ದಾಖಲಿಸುವ ಹೊಣೆಯನ್ನು ಬೇರೆ ಯಾರೂ ಹೊರದ ಕಾರಣ ನಾನೇ ಹೊತ್ತಿದ್ದೇನೆ.

ಆಗಸ್ಟ್ 9

ಮಾಯಿಲಪ್ಪಣ್ಣ ಬಂದರು. ಎಕ್ಸ್‌ಚೇಂಜಿನ ಗುತ್ತಿಗೆ ಲೈನ್‌ಮ್ಯಾನ್. ಇಪ್ಪತ್ತನಾಲ್ಕು ವರ್ಷದಿಂದ ಅವರೇ. ಐವತ್ತನಾಲ್ಕರ ವಯಸ್ಸು, ಮೊಣಕಾಲಿನವರೆಗೆ ಮಡಚಿದ ಖಾಕಿ ಪ್ಯಾಂಟು, ಸ್ಕೂಟರಿನ ಮುಂದೆ ಹೆಗಲ ಮೇಲಿನ ಬೈರಾಸು ಟವೆಲಿನಲ್ಲಿ ಸುತ್ತಿದ ಫೈಬರ್ ಕೂಡಿಸುವ ಮೆಷಿನು. ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವ ಹಾಗೆ ಅದನ್ನು ಹಿಡಿದುಕೊಳ್ಳುತ್ತಾರೆ.

"ಸಣ್ಣ ಧಣಿಗಳಿಗೆ ಕೋಪ ಬಂದಿದೆಯಂತೆ" ಎಂದರು. ನಮ್ಮ ಅಜ್ಜನನ್ನು ಅವರ ಅಪ್ಪ ಧಣಿ ಎನ್ನುತ್ತಿದ್ದರು. ಇವರು ನನ್ನನ್ನು ಹಾಗೆ ಕರೆಯುವುದು ಗೇಲಿಗೆ.

"ಹನ್ನೆರಡು ದಿನ ಆಯ್ತು ಮಾಯಿಲಪ್ಪಣ್ಣ."

"ಹದಿನಾರು. ನೀವು ನಾಲ್ಕು ದಿನ ಗಮನಿಸಲಿಲ್ಲ. ರಸ್ತೆಯವರ ಜೆಸಿಬಿ ಕೇಬಲ್ ತುಂಡು ಮಾಡಿದೆ. ಹೊಸ ತುಂಡು ಬೇಕು ಅಂತ ಬರೆದು ಹಾಕಿದೆ, ಅದು ನಿನ್ನೆ ಬಂತು. ಸೇತುವೆಯ ಈಚೆ, ಶಾಫಿಯ ಸೈಕಲ್ ಅಂಗಡಿ ಉಂಟಲ್ಲ, ಅಲ್ಲಿ."

"ಅಲ್ಲಿ ಸೈಕಲ್ ಅಂಗಡಿ ಎಲ್ಲಿ ಉಂಟು?"

"ಅಂಗಡಿ ಇಲ್ಲ. ಜಾಯಿಂಟು ಉಂಟು."

ಜಾಯಿಂಟು ಎಂದರೆ ಕೇಬಲಿನ ಎರಡು ತುದಿ ಕೂಡಿಸಿ ಹೂತ ಜಾಗ. ಇದು ಅವರ ಭೂಗೋಳ. ಕೇಬಲ್ ಎಲ್ಲಿ ಹೋಗಿದೆ ಎನ್ನುವುದಕ್ಕೆ ಸರಿಯಾದ ನಕ್ಷೆ ಎಲ್ಲೂ ಇಲ್ಲ. ಕೇಬಲ್ ಹೂತಾಗ ಇಲಾಖೆಯವರು ದಾರಿಯುದ್ದಕ್ಕೂ ಗುರುತಿನ ಕಲ್ಲು ನೆಟ್ಟಿದ್ದರು. ರಸ್ತೆ ಅಗಲವಾದಾಗ ಅವು ಕಿತ್ತುಹೋಗಿ, ಈಗ ನಾಲ್ಕಾರು ಮನೆಗಳ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ ದೇಶಸೇವೆ ಮುಂದುವರಿಸಿವೆ. ಉಳಿದದ್ದು ಮಾಯಿಲಪ್ಪಣ್ಣನ ತಲೆ ಒಂದೇ. ಅದರೊಳಗೆ ಕಡಿದ ಮರಗಳೂ ಮುಚ್ಚಿದ ಅಂಗಡಿಗಳೂ ಇನ್ನೂ ಇದ್ದಲ್ಲೇ ಇವೆ.

ನೆಟ್ ಬಂತು. ಪ್ರಭುಗಳು ಕಣ್ಣು ಬಿಟ್ಟರು.

ಆಗಸ್ಟ್ 17

ವಾಮದಪದವಿನಲ್ಲಿ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ ಇಟ್ಟಿರುವ ಇಬ್ರಾಹಿಂ ಖಲೀಲ್, ನಮ್ಮೆಲ್ಲರ ಖಲೀಲಾಕ, ಫೋನ್ ಮಾಡಿ "ಕಂಪನಿಯವರು ಬಂದಿದ್ದಾರೆ, ತಮಾಷೆ ನೋಡ್ಲಿಕ್ಕೆ ಬಾ" ಎಂದರು. ಹೋದೆ. ಕಾರಿನಿಂದ ಇಳಿದವರು ಶಶಿರಾಜ್ ಸರ್, ಮ್ಯಾನೇಜರ್. ಶರ್ಟಿನಲ್ಲಿ ಒಂದು ಸುಕ್ಕಿಲ್ಲ.

"ನಮಗೆ ಊರಿನ ಒಬ್ಬ ಜನ ಬೇಕು, ಒಬ್ಬನೇ. ಲೈನ್ ಎಲ್ಲೆಲ್ಲಿ ಹೋಗಿದೆ ಅಂತ ಗೊತ್ತಿರುವವ. ಖಾಯಂ ಕೆಲಸ" ಎಂದರು.

"ಅದಕ್ಕೆ ಮಾಯಿಲಪ್ಪ ಇದ್ದಾನಲ್ಲ" ಎಂದರು ಖಲೀಲಾಕ. "ಬೈದರೆ ತಿರುಗಿ ಮಾತಾಡುವುದಿಲ್ಲ. ಅಂಥ ಜನ ನಿಮಗೆ ಮಂಗಳೂರಲ್ಲಿ ಸಿಗ್ಲಿಕ್ಕಿಲ್ಲ."

"ಬಯೋಡೇಟಾ ಕೊಡಲಿ, ನೋಡುವ."

ಸಂಜೆ ಮಾಯಿಲಪ್ಪಣ್ಣ ನಮ್ಮ ಜಗಲಿಗೆ ಬಂದರು. ಬಯೋಡೇಟಾ ಇಂಗ್ಲಿಷಿನಲ್ಲಿ ಬೇಕಲ್ಲ, ಬರೆದು ಕೊಡಬೇಕಂತೆ. "ಅಕ್ಟೋಬರ್ ಮೂವತ್ತೊಂದಕ್ಕೆ ನನ್ನದು ಮುಗೀತದೆ. ಮತ್ತೆ ನಾನು ಎಂತ ಮಾಡುವುದು ಹೇಳಿ. ಹೆಂಡತಿ ಬೀಡಿ ಕಟ್ತಾಳೆ, ನನ್ನ ಬೆರಳಿಗೆ ಅದೂ ಬರುವುದಿಲ್ಲ. ಇದೊಂದೇ ಗೊತ್ತಿರುವುದು."

ಬರೆದು ಕೊಡುತ್ತೇನೆ ಎಂದೆ. ನನ್ನ ತಂಗಿ ಶ್ರೇಯಾ ಒಳಗಿನಿಂದ "ತಮಾಷೆ ಏನೂ ಸೇರಿಸಬೇಡ" ಎಂದಳು. ಮನೆಯಲ್ಲಿ ನನ್ನ ಕೀರ್ತಿ ಹೀಗಿದೆ.

ಆಗಸ್ಟ್ 20

ನನ್ನ ಏಕೈಕ ವಿದ್ಯೆ ಸನ್ಮಾನಪತ್ರ. ಯುವಕ ಮಂಡಲ, ಭಜನಾ ಮಂಡಳಿ, ಹಾಲಿನ ಸೊಸೈಟಿ, ಯಾರು ಯಾರಿಗೆ ಶಾಲು ಹೊದೆಸುವುದಿದ್ದರೂ ಪತ್ರ ಬರೆಯುವವನು ನಾನು. ನಮ್ಮ ತಾಲೂಕಿನಲ್ಲಿ ಇನ್ನೂ ಸನ್ಮಾನ ಆಗದೆ ಉಳಿದವರ ಪಟ್ಟಿ ಮಾಡಿದರೆ ಒಂದು ಹಾಳೆ ಸಾಕು. ಆ ಪಟ್ಟಿಯ ಮೊದಲ ಹೆಸರು ಮಾಯಿಲಪ್ಪಣ್ಣ ಎಂದು ಹೊಳೆದ ಕ್ಷಣ ಕೈ ತಡೆಯಲಿಲ್ಲ.

"ಅಖಿಲ ಕರ್ನಾಟಕ ಸ್ತಂಭಾರೋಹಿಗಳ ಮಹಾಮಂಡಲವು ತಮ್ಮನ್ನು 'ಸ್ತಂಭಾರೋಹಿ ರತ್ನ' ಪ್ರಶಸ್ತಿಗೆ ಸರ್ವಾನುಮತದಿಂದ ಆರಿಸಿದೆ. ಶಾಲು, ಹಾರ, ಫಲಪುಷ್ಪ, ಸ್ಮರಣಿಕೆಗಳೊಂದಿಗೆ ತಮ್ಮನ್ನು ಗೌರವಿಸಲಾಗುವುದು. ತತ್ಪೂರ್ವಭಾವಿಯಾಗಿ ತಾವು ಸ್ವಹಸ್ತದಿಂದ ಕೂಡಿಸಿದ ಸಮಸ್ತ ಜಾಯಿಂಟುಗಳ ಸ್ಥಳನಿರ್ದೇಶನವನ್ನು, ಸ್ಥಳೀಯ ವಿದ್ಯಾವಂತ ಯುವಕನೊಬ್ಬನ ಸಮ್ಮುಖದಲ್ಲಿ, ಪಾದಯಾತ್ರೆಯ ಮೂಲಕ ದಾಖಲಿಸತಕ್ಕದ್ದು."

ಮೊಹರು ಬೇಕಲ್ಲ. ಹಾಲಿನ ಸೊಸೈಟಿಯ ಹಳೆಯ ಮೊಹರನ್ನು ಅರ್ಧ ಒತ್ತಿದೆ. ದನದ ಕೊಂಬು ಮಾತ್ರ ಕಾಣುತ್ತದೆ, ರಾಜಮುದ್ರೆಯ ಹಾಗೆ.

ಎಕ್ಸ್‌ಚೇಂಜಿಗೆ ಹೋಗಿ ಕೊಟ್ಟೆ. ಅವರು ಕನ್ನಡಕ ಹಾಕಿ ಕೊನೆಯವರೆಗೂ ಓದಿದರು. ಕಣ್ಣು ಒದ್ದೆಯಾಯಿತು. ಪತ್ರವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡರು. ಪೂರ್ತಿ ಬುಟ್ಟಿಗೆ ಬಿದ್ದರು. ಇಂಥ ಗೆಲುವು ಜೀವಮಾನದಲ್ಲಿ ಒಮ್ಮೆ.

ಆಗಸ್ಟ್ 29

ಪಾದಯಾತ್ರೆಯ ಪ್ರಥಮ ದಿನ. ಮುಂದೆ ಭಾವೀ ರತ್ನ, ಹಿಂದೆ ವಿದ್ಯಾವಂತ ಯುವಕ. ನನ್ನ ಮೊಬೈಲಿನಲ್ಲಿ ಪ್ರತಿ ಜಾಗಕ್ಕೂ ಒಂದು ಚುಕ್ಕೆ ಒತ್ತುತ್ತ ಹೋದೆ.

ಅವರು ನಡೆಯುವ ಕ್ರಮ ಬೇರೆ. ಒಂದು ಮೋರಿಯ ಹತ್ತಿರ ನಿಂತು, ರಸ್ತೆಗೆ ಬೆನ್ನು ಹಾಕಿ, ಏಳು ಹೆಜ್ಜೆ ಹಿಂದಕ್ಕೆ ಬರುತ್ತಾರೆ. ಹಿಮ್ಮಡಿಯಿಂದ ನೆಲಕ್ಕೆ ಎರಡು ಸಲ ತಟ್ಟುತ್ತಾರೆ. "ಹದಿನೇಳು" ಎನ್ನುತ್ತಾರೆ. ಯಾಕೆ ಹಿಂದೆ ಹಿಂದೆ ಬರುವುದು ಎಂದು ಕೇಳಿದೆ.

"ಗುಂಡಿ ತೋಡುವಾಗ ಹಾಗೇ ಬಂದದ್ದು. ಮುಂದೆ ನೋಡಿ ನಡೆದರೆ ನನಗೆ ಲೆಕ್ಕ ತಪ್ಪುತ್ತದೆ."

ಹತ್ತೊಂಬತ್ತನೆಯದು ಒಂದು ಕಾಂಪೌಂಡಿನ ಗೇಟಿನ ಎದುರು. "ಇಲ್ಲಿ ಖತೀಜಮ್ಮನ ಹಲಸಿನ ಮರ ಇತ್ತು. ಜಾಯಿಂಟು ಮಾಡುವಾಗ ಒಂದು ಹಲಸಿನ ಹಣ್ಣು ನಾನು ಕೂತಿದ್ದ ಗುಂಡಿಗೆ ಬಿತ್ತು. ಅವರು ಓಡಿ ಬಂದು ಮೊದಲು ಹಣ್ಣು ನೋಡಿದರು, ಮತ್ತೆ ನನ್ನನ್ನು." ನಾನು ನಕ್ಕೆ. ಚುಕ್ಕೆ ಒತ್ತಲು ಮರೆತು ಮುಂದೆ ಹೋಗಿದ್ದೆ. ಅವರೇ ನೆನಪಿಸಿದರು. "ಹತ್ತೊಂಬತ್ತು ಹಾಕಿ. ಇದೆಲ್ಲ ಯಾರಿಗಾದರೂ ಒಬ್ಬರಿಗೆ ಗೊತ್ತಿರಬೇಕು."

ನೋಡಿ ಪ್ರಶಸ್ತಿಯ ಮಹಿಮೆ.

ಸೆಪ್ಟೆಂಬರ್ 2

ವಾಮದಪದವು ತಲುಪಿದೆವು. ಐವತ್ತೊಂಬತ್ತು ಜಾಯಿಂಟು. ಕೊನೆಯದು ಖಲೀಲಾಕನ ಅಂಗಡಿಯ ಮೆಟ್ಟಿಲಡಿ.

"ಎಂತ ಇಬ್ಬರೂ ರಸ್ತೆ ಅಳೀಲಿಕ್ಕೆ ಹೊರಟದ್ದಾ?" ಎಂದರು ಖಲೀಲಾಕ.

"ಇವರಿಗೆ ದಾರಿ ತೋರಿಸುವುದು" ಎಂದರು ಮಾಯಿಲಪ್ಪಣ್ಣ. ಪ್ರಶಸ್ತಿಯ ಸುದ್ದಿ ಬಾಯಿ ಬಿಡಲಿಲ್ಲ. ಎಷ್ಟು ಗುಟ್ಟಿನ ಮನುಷ್ಯ.

"ದಾರಿ ತೋರಿಸು, ತೋರಿಸು. ನಾಳೆ ಇವನೇ ಬಂದು ನಿನಗೆ ದಾರಿ ತೋರಿಸ್ತಾನೆ."

ಮೂವರೂ ನಕ್ಕೆವು. ಶರಬತ್ತು ಕುಡಿದೆವು. ಅಂಗಡಿಯಲ್ಲಿ ಕೂತು ಮಾಯಿಲಪ್ಪಣ್ಣ ನನಗೆ ಫೈಬರ್ ಕೂಡಿಸುವುದನ್ನು ಕಲಿಸಿದರು. ಕೂದಲಿಗಿಂತ ಸಪೂರ ಗಾಜು. ಸ್ಪಿರಿಟಿನಲ್ಲಿ ಒರೆಸಿ, ತುದಿ ನೇರ ಕತ್ತರಿಸಿ, ಎರಡು ತುದಿಗಳನ್ನು ಮೆಷಿನಿನಲ್ಲಿ ಎದುರುಬದುರು ಮಲಗಿಸಬೇಕು. ನನ್ನದು ಎಂಟು ಸಲ ಮುರಿಯಿತು. "ಉಸಿರು ಬಿಗಿ ಹಿಡಿಯಬೇಡಿ. ಬಿಗಿ ಹಿಡಿದರೆ ಕೈ ನಡುಗ್ತದೆ" ಎಂದರು. ಒಂಬತ್ತನೆಯ ಸಲ ಕೂಡಿತು.

ಬಯೋಡೇಟಾ ಬರೆದು ಮುಗಿಸಿದ್ದೆ, ತೋರಿಸಿದೆ. "ಸರ್‌ಗೆ ನೀವೇ ಕೊಡಿ. ನಾನು ಕೊಟ್ಟರೆ ಮಡಚಿ ಎಲ್ಲೋ ಇಡ್ತಾರೆ" ಎಂದರು. ಚೀಲದಲ್ಲಿ ಹಾಕಿಕೊಂಡೆ.

ಸೆಪ್ಟೆಂಬರ್ 12

ಇಂದು ಮೂಡುಬಿದಿರೆಯ ಹೋಟೆಲಿನಲ್ಲಿ ಶಶಿರಾಜ್ ಸರ್ ಸಿಕ್ಕಿದರು. ಬಯೋಡೇಟಾ ಕೊಡಲೆಂದೇ ಹೋದದ್ದು. ಮಾತಿನ ನಡುವೆ ಮೊಬೈಲ್ ತೆರೆದು ಚುಕ್ಕೆಗಳನ್ನು ತೋರಿಸಿದೆ. ಐವತ್ತೊಂಬತ್ತು ಕೆಂಪು ಚುಕ್ಕೆ, ಹಾವಿನ ಹಾಗೆ. ಅವರು ದೋಸೆ ತಿನ್ನುವುದನ್ನು ನಿಲ್ಲಿಸಿದರು.

"ಇದು ಇಲಾಖೆಯಲ್ಲೇ ಇಲ್ಲ. ಯಾರು ಮಾಡಿದ್ದು?"

"ನಾನು ಸರ್." ಚುಕ್ಕೆ ಒತ್ತಿದ ಬೆರಳು ನನ್ನದೇ. ಸುಳ್ಳಲ್ಲ.

"ಫೈಬರ್ ಕೂಡಿಸ್ಲಿಕ್ಕೆ ಬರ್ತದಾ?"

"ಬರ್ತದೆ ಸರ್."

"ಮತ್ತೆ ಆ ಮುದುಕ ಯಾಕೆ? ಸರಕಾರದ ಅಭ್ಯಾಸ ಬಿದ್ದವರು ನಮ್ಮಲ್ಲಿ ಆಗುವುದಿಲ್ಲ." ದೋಸೆಯ ತುಂಡು ಮುರಿಯುತ್ತ ಕೇಳಿದರು, "ಕುಡೀತಾನಾ ಅವನು?"

ಮಾಯಿಲಪ್ಪಣ್ಣ ಚಹಾಕ್ಕೆ ಸಕ್ಕರೆಯನ್ನೂ ಹಾಕಿಸಿಕೊಳ್ಳುವುದಿಲ್ಲ. ನಾನು ಸುಮ್ಮನೆ ಒಂದು ನಗು ನಕ್ಕೆ. ನಗುವನ್ನು ಯಾವ ಕೋರ್ಟಿನಲ್ಲೂ ಸಾಕ್ಷಿಯಾಗಿ ಒಪ್ಪುವುದಿಲ್ಲ.

"ಹಾಗೆ ಹೇಳು" ಎಂದರು ಸರ್. ದೋಸೆಗೆ ಅವರೇ ದುಡ್ಡು ಕೊಟ್ಟರು. ನನಗೆ ಕೆಲಸ ಸಿಕ್ಕಿತು.

ಸೆಪ್ಟೆಂಬರ್ 13

"ಬಯೋಡೇಟಾ ಕೊಟ್ಟೆಯಾ?" ಎಂದಳು ಶ್ರೇಯಾ.

"ಹೂಂ."

ಚೀಲದಲ್ಲಿ ಅದಕ್ಕೆ ಮಳೆನೀರು ತಾಗಿ ಅಕ್ಷರ ಹರಡಿದೆ. ಇನ್ನು ಕೊಡುವ ಸ್ಥಿತಿಯಲ್ಲಿ ಇಲ್ಲವೇ ಇಲ್ಲ.

ಅಕ್ಟೋಬರ್ 6

ಕಂಪನಿಯ ಟೀಶರ್ಟು, ಕೊರಳಿಗೆ ಫೋಟೋ ಇರುವ ಕಾರ್ಡು. ಕಾರ್ಡಿನಲ್ಲಿ ನನ್ನ ಹೆಸರಿನ ಕೆಳಗೆ 'ಫೀಲ್ಡ್ ಎಂಜಿನಿಯರ್' ಎಂದಿದೆ. ಬಿ.ಕಾಂ. ಓದಿ ಎಂಜಿನಿಯರ್ ಆದವನು ಊರಲ್ಲಿ ನಾನೊಬ್ಬನೇ.

ಎಕ್ಸ್‌ಚೇಂಜಿನಲ್ಲಿ ಮಾಯಿಲಪ್ಪ ಸಿಕ್ಕಿದರು. ಟೀಶರ್ಟಿನ ಅಕ್ಷರಗಳನ್ನು ಬೆರಳಿಟ್ಟು ಓದಿದರು. "ನಿಮಗೂ ಆಯ್ತಾ? ಒಳ್ಳೇದಾಯ್ತು. ನಿಮ್ಮಂಥವರು ಒಳಗೆ ಇದ್ದರೆ ನಮ್ಮಂಥವರಿಗೂ ಒಂದು ಬಲ."

ಇಬ್ಬರನ್ನು ತೆಗೆದುಕೊಳ್ಳುತ್ತಾರೆ ಎಂದುಕೊಂಡಿದ್ದಾರೆ. ತಿದ್ದುವ ಎಂದುಕೊಂಡೆ. ಅಷ್ಟರಲ್ಲಿ ಸರ್ ಫೋನ್ ಬಂತು.

ನವೆಂಬರ್ 1

ಹಸ್ತಾಂತರ ಮಹೋತ್ಸವ. ವೇಣೂರಿನ ಎಕ್ಸ್‌ಚೇಂಜಿನ ಎದುರು ಶಾಮಿಯಾನ, ಮೈಕು, ದೀಪ. ಕಂಪನಿಯ ದೊಡ್ಡವರಿಗೆ ಸನ್ಮಾನಪತ್ರ ಓದಿದವನು ನಾನೇ. "ನೆಲದಾಳದ ಬೆಳಕಿನ ಬೀಜಗಳನ್ನು ಬಿತ್ತಿದ ಮಹನೀಯರೇ" ಎಂದಾಗ ಜನ ಚಪ್ಪಾಳೆ ತಟ್ಟಿದರು. ಆ ಮಹನೀಯರು ವೇಣೂರಿಗೆ ಬಂದದ್ದು ಇದೇ ಮೊದಲು.

ಮಾಯಿಲಪ್ಪ ಬಂದಿದ್ದ. ಹೊಸ ಬಿಳಿ ಶರ್ಟು, ಮಡಿಕೆಯ ಗೆರೆ ಹಾಗೇ ಇತ್ತು. ಎರಡನೇ ಸಾಲಿನಲ್ಲಿ ಕೂತಿದ್ದ. ಪತ್ರದಲ್ಲಿ ಬರೆದ ಸನ್ಮಾನ ಇದೇ ಎಂದು ನಂಬಿ ಬಂದಿರಬೇಕು, ಪಾಪ. ಎರಡೂವರೆ ತಿಂಗಳು ಹಿಡಿದ ತಮಾಷೆ ಇಷ್ಟು ಚೆನ್ನಾಗಿ ಹಣ್ಣಾಗುವುದೆಂದು ನಾನೂ ಎಣಿಸಿರಲಿಲ್ಲ.

"ಅವ ಯಾರು, ಮುಂದೆ ಕೂತದ್ದು?" ಎಂದರು ಶಶಿರಾಜ್ ಸರ್.

"ಹಳೇ ಗಿರಾಕಿ ಇರಬೇಕು ಸರ್."

ಪಂಚಾಯತಿನವರಿಗೆ ಜಾಗ ಬೇಕಿತ್ತು. ನಾನೇ ಹೋಗಿ ಹೇಳಿದೆ, ಈ ಸಾಲು ಅತಿಥಿಗಳಿಗೆ ಎಂದು.

"ಹಿಂದೆ ಕೂರಬೇಕಾ?"

"ಹೌದು."

"ಸರ್ ಹತ್ತಿರ ಮಾತಾಡಿದಿರಾ?" ಎಂದ ಮೆಲ್ಲಗೆ. ಪ್ರಶಸ್ತಿಗೆ ಇಷ್ಟು ಅವಸರ.

"ಮತ್ತೆ ನೋಡುವ."

ಎದ್ದ. ಕೊನೆಯ ಸಾಲಿಗೆ ಹೋದ. ಅಲ್ಲಿ ಕುರ್ಚಿ ಖಾಲಿ ಇರಲಿಲ್ಲ, ಅಡುಗೆಯವರ ಪಾತ್ರೆಗಳ ಪಕ್ಕ ನಿಂತ. ಊಟಕ್ಕೆ ಕರೆಯುವಾಗ ಇರಲಿಲ್ಲ.

ನವೆಂಬರ್ 20

ನೆಟ್ ಅದ್ಭುತ. ಗುಡ್ಡೆ ಹತ್ತುವ ಕಷ್ಟ ಯಾರಿಗೂ ಇಲ್ಲ. ಹೊಸ ಸಂಪರ್ಕ ನೂರಾ ಎಂಟು.

ಡಿಸೆಂಬರ್ 11

ವಾಮದಪದವಿನಲ್ಲಿ ಮೂರು ದಿನದಿಂದ ಸಂಪರ್ಕ ಇಲ್ಲ. ಖಲೀಲಾಕ ನನ್ನ ಬೈಕಿನ ಕೀಲಿ ತೆಗೆದು ಕಿಸೆಗೆ ಹಾಕಿಕೊಂಡರು.

"ಟಿಕೆಟ್ ಹಾಕಿದ್ದೀರಾ?" ಎಂದೆ.

"ನಾನು ಎಲ್ಲಿಗೆ ಹೋಗ್ಲಿಕ್ಕುಂಟು ಟಿಕೆಟ್ ಮಾಡ್ಲಿಕ್ಕೆ? ಅಂಗಡಿಯಲ್ಲಿ ಮೂವತ್ತು ಮಕ್ಕಳ ಅರ್ಜಿ ಬಾಕಿ ಉಂಟು ಮಾರಾಯ. ನಾಳೆ ಕೊನೇ ದಿನ."

"ದೂರು ದಾಖಲಾಗದೆ ನಾವು ಕೈ ಹಾಕುವ ಹಾಗಿಲ್ಲ. ನಿಯಮ."

"ಮಾಯಿಲಪ್ಪನಿಗಾದರೆ ಬೈಯಬಹುದಿತ್ತು. ಬೈಸಿಕೊಂಡು ಬಂದು ಸರಿ ಮಾಡ್ತಿದ್ದ. ಈಗ ಫೋನ್ ಮಾಡಿದರೆ ಒಬ್ಬಳು ಹೆಂಗಸು ಒಂದು ಒತ್ತಿ, ಎರಡು ಒತ್ತಿ ಅಂತಾಳೆ. ಅವಳಿಗೆ ಎಷ್ಟು ಬೈದರೂ ಬೇಜಾರೇ ಇಲ್ಲ. ಸರಿ, ಬೇರೆ ಕಂಪನಿಯದ್ದು ಹಾಕಿಸಿಕೊಳ್ತೇನೆ."

"ಈ ದಾರಿಯ ಕೇಬಲ್ ಹತ್ತು ವರ್ಷಕ್ಕೆ ನಮಗೇ ಬರೆದುಕೊಟ್ಟದ್ದು. ಬೇರೆಯವರು ಬರುವ ಹಾಗಿಲ್ಲ."

"ಹಾಗಾದರೆ ಎಂತ ಬದಲಾದದ್ದು?"

"ನಾಳೆ ನೋಡುವ" ಎಂದೆ. ಕೀಲಿ ಕೊಟ್ಟರು. ಗ್ರಾಹಕರಿಗೆ ತಾಳ್ಮೆ ಕಡಿಮೆ.

ಜನವರಿ 7

ಎರಡನೇ ಕೇಬಲಿಗೆ ಗುಂಡಿ ತೋಡುವ ಕೆಲಸ ಶುರು. ಹಳೆಯ ಕೇಬಲಿನ ಪಕ್ಕದಲ್ಲೇ. ಕಂತ್ರಾಟುದಾರ ಎಂಟು ಆಳುಗಳನ್ನು ತಂದಿದ್ದಾನೆ. ಅದರಲ್ಲಿ ಮಾಯಿಲಪ್ಪ ಒಬ್ಬ, ಪಿಕ್ಕಾಸು ಹಿಡಿದು. ನನ್ನನ್ನು ನೋಡಿ "ನಮಸ್ಕಾರ ಸರ್" ಎಂದ. ನಾನೂ ತಲೆಯಾಡಿಸಿದೆ. ಹಾಜರಿ ಬರೆದುಕೊಂಡೆ.

ಜನವರಿ 19

ಹತ್ತೊಂಬತ್ತನೇ ಜಾಯಿಂಟಿನ ಹತ್ತಿರ ಬಂದೆವು. ಮೊಬೈಲಿನ ಚುಕ್ಕೆ ಗೇಟಿನ ಆಚೆ ತೋರಿಸುತ್ತಿತ್ತು. ಈಚೆ ಅಗೆಯಲು ಹೇಳಿದೆ. ಮಾಯಿಲಪ್ಪ ಪಿಕ್ಕಾಸು ಇಳಿಸಿದ.

"ಸರ್, ಇಲ್ಲೇ ಕೆಳಗೆ ಜಾಯಿಂಟು ಉಂಟು. ಪೆಟ್ಟು ಬಿದ್ದರೆ ಹೋಗ್ತದೆ."

"ನಕ್ಷೆಯಲ್ಲಿ ಅದು ಆಚೆ ಉಂಟು."

"ಅದು ಅವತ್ತು ನೀವು ನಗ್ತಾ ನಾಲ್ಕು ಹೆಜ್ಜೆ ಮುಂದೆ ಹೋಗಿ ಒತ್ತಿದ್ದು."

ಆಳುಗಳು ನಕ್ಕರು. ದೂರದಲ್ಲಿ ಶಶಿರಾಜ್ ಸರ್ ಕಾರು ಬರುತ್ತಿತ್ತು.

"ಏ ಮಾಯಿಲಪ್ಪ, ನಕ್ಷೆ ನಿನ್ನದಾ, ನನ್ನದಾ? ಹೇಳಿದಲ್ಲಿ ಅಗಿ."

ಅವನು ಪಿಕ್ಕಾಸನ್ನು ನೆಲದ ಮೇಲಿಟ್ಟ. "ನನ್ನ ಕೈಯಾರೆ ಕೂಡಿಸಿದ್ದು ಸರ್. ಬೇರೆಯವರ ಹತ್ತಿರ ಅಗೆಸಿ" ಎಂದು ಬದಿಗೆ ಹೋಗಿ ನಿಂತ.

ಬೇರೆಯವನು ಅಗೆದ. ಮೂರನೇ ಪೆಟ್ಟಿಗೆ ಕಪ್ಪು ಡಬ್ಬಿ ಒಡೆದು, ಬಣ್ಣಬಣ್ಣದ ಎಳೆಗಳು ಹೊರಗೆ ಬಂದವು. ಇಲ್ಲಿಂದ ವಾಮದಪದವಿನವರೆಗೆ ಪೂರ್ತಿ ಬಂದ್.

ಸರ್ ಕಾರಿನಿಂದ ಇಳಿದರು. "ಯಾರು ತುಂಡು ಮಾಡಿದ್ದು?"

ನಾನು ಗಲ್ಲದಿಂದ ಮಾಯಿಲಪ್ಪನ ಕಡೆ ತೋರಿಸಿದೆ. ಕಂತ್ರಾಟುದಾರ ಹೆಸರು ಹೇಳಿದ.

"ಇವನೇ ಅಲ್ವಾ ಆ ಕುಡುಕ? ನಾಳೆಯಿಂದ ಬೇಡ" ಎಂದರು ಸರ್ ಕಂತ್ರಾಟುದಾರನಿಗೆ.

ಕುಡುಕ ಎಂಬ ಮಾತಿಗೆ ಅವನು ನನ್ನ ಮುಖ ನೋಡಿದ. ಆಮೇಲೆ ಗೇಟಿನ ಒಳಗಿನ ಬಾವಿಕಟ್ಟೆಗೆ ಹೋಗಿ ಕೈ ತೊಳೆದ, ಬೈರಾಸಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ. ಹೋಗುವಾಗ ಗುಂಡಿಯ ಹತ್ತಿರ ಬಗ್ಗಿ, ಎಳೆಗಳಿಗೆ ಮಣ್ಣು ತಾಗದ ಹಾಗೆ ಒಂದು ಪ್ಲಾಸ್ಟಿಕ್ ಚೀಲ ಮುಚ್ಚಿದ. ಬಸ್ಸಿಗೆ ಕಾಯಲಿಲ್ಲ, ನಡೆದೇ ಹೋದ.

ಕೂಡಿಸಲು ನನಗೆ ಐದು ಗಂಟೆ ಹಿಡಿಯಿತು. ಎಳೆ ಮತ್ತೆ ಮತ್ತೆ ಮುರಿಯಿತು. ಬಿಸಿಲು ಜಾಸ್ತಿ ಇತ್ತು.

ಜನವರಿ 20

ಈ ಇತಿಹಾಸಕ್ಕೆ ಒಂದು ಸಣ್ಣ ತಿದ್ದುಪಡಿ ಸೇರಿಸಬೇಕಾಗಿದೆ. ಬೇರೆ ಯಾರೂ ಓದುವ ಪುಸ್ತಕ ಅಲ್ಲ, ಆದರೂ.

ಆಗಸ್ಟ್ ಇಪ್ಪತ್ತರಂದು ಬರೆದದ್ದು ಸರಿಯಲ್ಲ. ಅವರ ಕಣ್ಣು ಒದ್ದೆಯಾಗಲಿಲ್ಲ. ಪತ್ರವನ್ನು ಕಿಸೆಯಲ್ಲಿ ಇಟ್ಟುಕೊಳ್ಳಲೂ ಇಲ್ಲ. ಕೊನೆಯವರೆಗೆ ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕು, ನನ್ನ ಕೈಗೇ ವಾಪಸು ಕೊಟ್ಟರು. "ಬರವಣಿಗೆ ಚೆಂದ ಉಂಟು. ದನದ ಕೊಂಬು ಪಕ್ಕಾ ಕಾಣ್ತದೆ. ದಾರಿ ತಿಳೀಬೇಕಾದರೆ ಬಾಯಲ್ಲಿ ಕೇಳಿದರೆ ಸಾಕಲ್ಲ, ಸಣ್ಣ ಧಣಿ? ಇಷ್ಟೆಲ್ಲ ಬರೀಲಿಕ್ಕೆ ಯಾಕೆ? ಮಳೆ ಬಿಡಲಿ, ಹೋಗುವ" ಎಂದರು.

ನವೆಂಬರ್ ಒಂದಕ್ಕೆ ಬಂದದ್ದೂ ಸನ್ಮಾನಕ್ಕಲ್ಲ. ಆ ದಿನ ಒಳ್ಳೆಯ ಶರ್ಟು ಹಾಕಿಕೊಂಡು ಬನ್ನಿ, ಸರ್ ಹತ್ತಿರ ನಿಮ್ಮ ಕೆಲಸದ ವಿಷಯ ಮಾತಾಡುತ್ತೇನೆ ಎಂದು ನಾನೇ ಹೇಳಿದ್ದೆ.

ಹಾಗೆ ಬರೆದಿದ್ದರೆ ತಮಾಷೆ ಉಳಿಯುತ್ತಿರಲಿಲ್ಲ. ಅದಕ್ಕೇ ಬರೆಯಲಿಲ್ಲ.